ಮನಿ ಅಲ್ಲ, ಮನೆ

"ಈ ಒತ್ತಕ್ಷರ ಹುಟ್ಟಿಸಿದ ಪುಣ್ಯಾತ್ಮ ಯಾವನಿರಬೇಕು?"

ಕೌಸಲ್ಯಾಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಭಾಲ್ಕಿಯ ಪರೀಕ್ಷಾ ಕೇಂದ್ರದ ಎದುರಿನ ಬೇವಿನ ಕಟ್ಟೆಯ ಮೇಲೆ ಕುಳಿತು, ರದ್ದಿ ಕಾಗದದಲ್ಲಿ 'ಸ್ವಾತಂತ್ರ್ಯ' ಎಂದು ಬರೆಯುತ್ತಿದ್ದವರಿಗೆ ಕೊನೆಯ ಒತ್ತು ತೂಗುಹಾಕಲು ಜಾಗ ಸಾಲದೆ ಬಾಯಿಂದ ಬಂದ ಮಾತು. ಅರವತ್ತು ದಾಟಿದ ಬೆರಳುಗಳು ಪೆನ್ನು ಹಿಡಿದು ನೋಯುತ್ತಿದ್ದವು. ಎದೆಯೊಳಗೆ ಮಾತ್ರ ಮದುವೆ ಮನೆಯ ಗದ್ದಲ.

ಪಕ್ಕದಲ್ಲಿದ್ದ ಸೋನಾಲಿ ಕಿಸಕ್ಕನೆ ನಕ್ಕಳು. ಔರಾದ ಕಡೆಯ ಹುಡುಗಿ, ಹುಟ್ಟಿನಿಂದಲೇ ಕಣ್ಣು ಕಾಣದು. ಇವತ್ತು ಅವಳ ಹತ್ತನೇ ತರಗತಿಯ ಕನ್ನಡ ಪೇಪರು. ಅವಳು ಹೇಳಬೇಕು, ಹೇಳಿದ್ದನ್ನಷ್ಟೇ ಕೌಸಲ್ಯಾಬಾಯಿ ಬರೆಯಬೇಕು.

"ಅವನಿಗಿ ಆಮ್ಯಾಲ ಬೈರಿ ಆಯಿ. ಮೊದಲ ಹೇಳ್ರಿ, ನಾ 'ಮನೆ' ಅಂದ್ರ ಏನ ಬರೀತೀರಿ?"

"ಮನಿ."

"ಅಯ್ಯ, ಆಯಿ!"

"ತಡಿ, ತಡಿ. ಮಾತಿನಾಗ ಮನಿ, ಪೇಪರಿನಾಗ ಮನೆ. ಸಾಲಿ ಅಲ್ಲ, ಶಾಲೆ. ಎಲ್ಲಾ ಗೊತ್ತದ. ನೀ ಅಂಜಬ್ಯಾಡ."

"ನಾ ಎಲ್ಲಿ ಅಂಜೇನಿ? ನಿಮ್ಮ ಕಾಲೇ ಕಟ್ಟಿಗಿ ಬಡೀಲತ್ತದ, ಕೇಳಸ್ಲತ್ತದ ನನಗ."

ಕೌಸಲ್ಯಾಬಾಯಿ ಗಪ್ಪನೆ ಕಾಲು ಮಡಚಿಕೊಂಡರು. ಅಂಜಿಕೆ ಇಲ್ಲದೇ ಏನು? ಹೋದ ವರ್ಷ ಇವಳಿಗೆ ಬರೆದುಕೊಡಲು ಕುಳಿತ ಹುಡುಗ ಅರ್ಧಕ್ಕೇ ಬೇಸತ್ತು, ಇವಳು ಹೇಳಿದ ನಾಲ್ಕು ಮಾತಿಗೆ ಒಂದು ಮಾತು ಗೀಚಿ ಎದ್ದುಹೋಗಿದ್ದ. ಉಳಿದ ಎಲ್ಲದರಲ್ಲೂ ಪಾಸಾದವಳು, ಮನೆಮಾತಾದ ಕನ್ನಡದಲ್ಲೇ ಫೇಲು. ಈ ಸಲವೂ ಹೋದರೆ ಬೀದರಿನ ಕಾಲೇಜೂ ಇಲ್ಲ, ಓದೂ ಇಲ್ಲ ಎಂದು ಮನೆಯವರು ಖಡಾಖಂಡಿತ ಹೇಳಿಬಿಟ್ಟಿದ್ದರು.

ಕಣ್ಣು ಕಾಣದವರಿಗೆ ಪರೀಕ್ಷೆ ಬರೆದುಕೊಡುವ ಬಳಗವೊಂದನ್ನು ಕಟ್ಟಿದವನು ನಾಗಸೇನ. ಅವನೂ ಅವನ ಗೆಳೆಯರೂ ಕಾಲೇಜು ಓದಿದವರು. ಬರೆಯುವವರು ಮಾತ್ರ ಒಂಬತ್ತನೇತ್ತೆ ದಾಟಿರಬಾರದೆಂಬ ನಿಯಮ ಕೇಳಿ ಅವರೆಲ್ಲ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಾಗ, "ನಂದು ಭಾತಂಬ್ರಾ ಸಾಲಿಯೊಳಗ ನಾಲ್ಕನೇತ್ತೆ. ಹಂಗಾದ್ರ ನಾ ಪಾಸಲ್ಲೇನೋ ತಮ್ಮಾ?" ಎಂದು ಕೇಳಿದವರು ನೆರೆಮನೆಯ ಕೌಸಲ್ಯಾಬಾಯಿ. ಅಂದಿನಿಂದ ದಿನವೂ ಸಂಜೆ ಇಬ್ಬರ ಶಾಲೆ ನಡೆಯಿತು. ಒಂದು ಅಕ್ಷರವನ್ನೂ ಕಣ್ಣಾರೆ ಕಾಣದ ಹುಡುಗಿ ಯಾವ ಒತ್ತು ಎಲ್ಲಿಗೆಂದು ಹೇಳಿಕೊಟ್ಟಳು. ಶ್ರಾವಣ ಶ್ರಾವಣ ಪ್ರವಚನದಲ್ಲಿ ಕುಳಿತು ಕಿವಿಯಿಂದಲೇ ವಚನ ತುಂಬಿಕೊಂಡಿದ್ದ ಕೌಸಲ್ಯಾಬಾಯಿ ಅವನ್ನು ಹಾಡಿ ಹಾಡಿ ಅವಳ ಬಾಯಿಗೆ ಹಾಕಿದರು.

ನಾಗಸೇನ ಗೇಟಿನೊಳಗಿಂದ ಓಡುತ್ತ ಬಂದ. "ಆಯಿ, ಪರವಾನಗಿ ಸಿಕ್ತು! ಜಲ್ದಿ ಒಳಗ ನಡೀರಿ. ನೋಡ್ರಿ ನನ್ನ ನಸೀಬ, ಎಂ.ಎ. ತನಕ ಓದಿ ಹೊರಗ ನಿಂದರಬೇಕು."

"ಯಾರ ಓದಂದಿದ್ರೋ ನಿನಗ ಅಟ್ಟು?"

ಸೋನಾಲಿಗೆಂದು ಬೇರೆಯೇ ಇಟ್ಟಿದ್ದ ಪುಟ್ಟ ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಣೆಯ ಮೇಡಂ ತಡೆದರು. "ಅಜ್ಜೀ, ಪಾಲಕರು ಹೊರಗ ಕೂಡಬೇಕ್ರಿ."

"ನಾ ಪಾಲಕಿ ಅಲ್ರಿ ಮೇಡಂ, ಬರಿಯಾಕಿ!" ಅಂದರು ಕೌಸಲ್ಯಾಬಾಯಿ, ಸೆರಗು ಸರಿಮಾಡಿಕೊಳ್ಳುತ್ತ.

ಗಂಟೆ ಹೊಡೆಯಿತು. ಕೌಸಲ್ಯಾಬಾಯಿ ಪ್ರಶ್ನೆ ಓದಿದರು, ಸೋನಾಲಿ ಉತ್ತರ ಹೇಳಿದಳು, ಪೆನ್ನು ಓಡಿತು. ಗಾದಿಯ ಮೇಲೆ ಹುಣಸೆಬೀಜ ಚೆಲ್ಲಿದಂತೆ ಮೊದಮೊದಲು ಅತ್ತಿತ್ತ ಬಿದ್ದ ಅಕ್ಷರಗಳು ಎರಡನೇ ಪುಟಕ್ಕೆ ಸಾಲು ಹಿಡಿದವು. 'ಮನೆ' ಬಂತು, ಮನೆಯಾಗಿಯೇ ಕುಳಿತಿತು. ಪುಟ ತುಂಬಿದ ಹಾಗೆಲ್ಲ ಕೌಸಲ್ಯಾಬಾಯಿಗೆ ಮೈಯೆಲ್ಲ ಝುಮ್ಮೆನ್ನುತ್ತಿತ್ತು. ಕೊನೆಯ ಪುಟದ ಕೊನೆಯ ಸಾಲುಗಳಿಗೆ ಬಂದಾಗ ತಡೆಯಲಾರದೆ ಎದ್ದುನಿಂತೇಬಿಟ್ಟರು.

"ಮೇಡಂ! ಇನ್ನೊಂದು ಹಾಳಿ ಕೊಡ್ರಿ ನಮಗ! ತುಂಬ್ಲತ್ತದ!"

ಮೇಡಂ ತುಟಿಯ ಮೇಲೆ ಬೆರಳಿಟ್ಟು, ನಗು ನುಂಗಿಕೊಂಡು ಹಾಳೆ ತರಲು ಹೊರಗೆ ಹೋದರು.

ಉಳಿದದ್ದು ಒಂದೇ ಪ್ರಶ್ನೆ, ವಚನವನ್ನು ಪೂರ್ಣಗೊಳಿಸುವುದು. ಪೂರ್ಣ ನಾಲ್ಕು ಅಂಕ. ಸೋನಾಲಿ ಖುಷಿಯಿಂದ ಎರಡು ಸಾಲು ಹೇಳಿದಳು. ಮೂರನೆಯದಕ್ಕೆ ಬಾಯಿ ತೆರೆದಳು, ನಿಂತಳು. ಬೆರಳಿನಿಂದ ಬೆಂಚಿನ ಮೇಲೆ ತಾಳ ಹಾಕಿದಳು, ಮತ್ತೆ ಮೊದಲಿನಿಂದ ಹೇಳಿಕೊಂಡು ಬಂದಳು. ಮತ್ತೆ ಅಲ್ಲಿಯೇ ನಿಂತಳು. ಕೌಸಲ್ಯಾಬಾಯಿಗೆ ಆ ವಚನ ಪೂರ್ತಿ ಬಾಯಿಪಾಠ. ಮೂರನೇ ಸಾಲು ಗಂಟಲಿನಿಂದ ನಾಲಿಗೆಗೆ, ನಾಲಿಗೆಯಿಂದ ಹಲ್ಲಿನ ಹಿಂದಕ್ಕೆ ಬಂದು, ದೂಡು ದೂಡು ಎನ್ನುತ್ತಿತ್ತು. ಕೈ ತಾನಾಗಿಯೇ ಬರೆದುಬಿಟ್ಟೀತೆಂದು ಅವರು ಪೆನ್ನನ್ನೇ ಕಾಗದದಿಂದ ಮೇಲೆತ್ತಿದರು.

"ಆಯಿ," ಸೋನಾಲಿ ಪಿಸುಗುಟ್ಟಿದಳು. "ಮೊದಲಿನ ಶಬ್ದ ಒಂದ ಹೇಳ್ರಿ. ಮುಂದಿಂದು ತಾನೇ ಬರ್ತದ. ಮೇಡಂ ಇಲ್ಲ."

"ಇಲ್ಲಂತ ನಿನಗ ಹ್ಯಾಂಗ ಗೊತ್ತು?"

"ಚಪ್ಪಲಿ ಸಪ್ಪಳ ಹೊರಗ ಹೋಯ್ತಲ್ರಿ."

ಅದೇ ಸಪ್ಪಳ ಪಡಸಾಲೆಯ ಆ ತುದಿಯಿಂದ ಈಗ ತಿರುಗಿ ಬರತೊಡಗಿತ್ತು. ಸೋನಾಲಿ ತಡಕಾಡಿ ಕೌಸಲ್ಯಾಬಾಯಿಯ ಮೊಣಕೈ ಹಿಡಿದಳು.

"ಬಂದ್ರು, ಬಂದ್ರು! ಇದೊಂದು ಆದ್ರ ನಾ ಪಾಸ್ರೀ ಆಯಿ. ನಿಮ್ಮ ಕಾಲ ಬೀಳ್ತೇನಿ, ಇಂಥಾ ಹೊತ್ತಿನಾಗ ಕೈ ಕೊಡಬ್ಯಾಡ್ರಿ."

ಕೌಸಲ್ಯಾಬಾಯಿ ಪೆನ್ನಿನ ಮೊನೆಯನ್ನು ಖಾಲಿ ಸಾಲಿನ ಮೊದಲಿಗೆ ತಂದಿಟ್ಟರು.

"ಕೈ ಕೊಟ್ಟೇ ಕುಂತೇನಿ. ಬಾಯಿ ಕೊಡಂಗಿಲ್ಲ."