ಒಗೆಯುವ ಕಲ್ಲಿನ ಕೆಳಗಿನ ಹಳದಿ

ಲೋಲಾಕ್ಷಮ್ಮನವರಿಗೆ ಬಿಪಿ ಇರಲಿಲ್ಲ, ಶುಗರ್ ಇರಲಿಲ್ಲ... ಪಕ್ಕದ ಮನೆ ಇತ್ತು.

ಪಕ್ಕದ ಮನೆಯಾಕೆ ಚೆನ್ನಾಜಮ್ಮ. ಇಬ್ಬರ ಹಿತ್ತಿಲಿಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡ್, ಮೂವತ್ತು ವರ್ಷದ ಒಡನಾಟ.

ಎರಡು ವರ್ಷದಿಂದ ಚೆನ್ನಾಜಮ್ಮನ ಮನೆ ಮುಂದೆ ಸರ್ಕಾರಿ ಜೀಪು ನಿಲ್ಲುತ್ತಿತ್ತು.

ಆಕೆಯ ಬಾವಿ ನೀರು ನಿಂಬೆ ಶರಬತ್ತಿನಂತೆ ಹಳದಿಯಾಗಿತ್ತು. ಕ್ರೋಮಿಯಂ ಅಂತೆ... ವಿಷವಂತೆ.

ಜೀಪಿನವರು ಅಂಗಳದಲ್ಲಿ ನಾಲ್ಕು ಕಡೆ ಬೋರ್ ಕೊರೆದು, ಸಕ್ಕರೆ ಕಾರ್ಖಾನೆಯಿಂದ ಡ್ರಮ್ಮುಗಟ್ಟಲೆ ಕಾಕಂಬಿ ತರಿಸಿ ನೆಲದೊಳಗೆ ಬಿಡುತ್ತಿದ್ದರು. ಆ ಸಿಹಿ ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ವಿಷದ ಕಸುವು ಮುರಿಯುತ್ತವಂತೆ.

ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದು ಚೆನ್ನಾಜಮ್ಮನ ರೂಢಿ. ಬಾವಿ ಕೆಟ್ಟ ಮೇಲೆ ಬರೀ ಬೆಲ್ಲ ಕೊಡುತ್ತಿದ್ದರು... ಕ್ಯಾನ್ ನೀರು ಕೊಡಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ಲೋಲಾಕ್ಷಮ್ಮನವರಿಗೆ ಇದ್ಯಾವುದೂ ಕಾಣಲಿಲ್ಲ. ಜೀಪು ಕಂಡಿತು. ಡ್ರಮ್ಮು ಕಂಡಿತು. ಪೇಪರಿನಲ್ಲಿ ಬಂದ ಚೆನ್ನಾಜಮ್ಮನ ಫೋಟೊ ಬಹಳ ಚೆನ್ನಾಗಿ ಕಂಡಿತು.

"ಅವಳ ಮನೇಲಿ ನೆಲಕ್ಕೂ ಸಿಹಿ ಊಟ. ನಮ್ಮನೆ ನೀರು ಹೆಂಗಿದೆ ಅಂತ ಒಬ್ರಾದ್ರೂ ಕೇಳಿದ್ರಾ?" ಎಂದು ಹಾಲಿನವನನ್ನು ನಿಲ್ಲಿಸಿ ಹೇಳಿದರು. ನೀರಿನ ಮಾತು ಬಂದದ್ದೇ ತಡ, ಹಾಲಿನವನು ಗಾಡಿ ಸ್ಟಾರ್ಟ್ ಮಾಡಿದ.

ಕೊನೆಗೆ ಅರ್ಜಿ ಬರೆದರು... "ನಾವೂ ಟ್ಯಾಕ್ಸ್ ಕಟ್ಟುವವರೇ. ನಮ್ಮ ಮನೆಯಲ್ಲೂ ಬೋರ್ ಕೊರೆಯತಕ್ಕದ್ದು."

ಎಂಜಿನಿಯರ್ ಮೇಡಂ ಅರ್ಜಿಯನ್ನು ಎರಡು ಸಲ ಓದಿಕೊಂಡು ಬಂದರು.

"ಅಮ್ಮಾ, ನಮ್ಮನ್ನ ಕಂಡ್ರೆ ಜನ ಗೇಟು ಹಾಕ್ಕೋತಾರೆ. ತಾವಾಗೇ ಕರೆದೋರು ನೀವೇ ಮೊದಲು. ಎಲ್ಲಿ ಕೊರೀಲಿ?"

ಜಾಗವನ್ನು ಲೋಲಾಕ್ಷಮ್ಮ ಎಂದೋ ಆರಿಸಿಟ್ಟಿದ್ದರು. ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕ. ಅಲ್ಲಿ ಕೊರೆದರೆ ಚೆನ್ನಾಜಮ್ಮನ ಅಡುಗೆಮನೆ ಕಿಟಕಿಗೆ ಸರಿಯಾಗಿ ಕಾಣುತ್ತದೆ.

ಮಿಷನ್ ಬಂತು. ಲೋಲಾಕ್ಷಮ್ಮ ಒಳ್ಳೆ ಸೀರೆ ಉಟ್ಟು ಕುರ್ಚಿ ಹಾಕಿಸಿಕೊಂಡು ಕೂತರು.

ಎಂಟು ಅಡಿ ಇಳಿಯುವಷ್ಟರಲ್ಲಿ ಮಣ್ಣು ಹಳದಿಯಾಗಿ ಬಂತು...

ಮೇಡಂ ಒಂದು ಹಿಡಿ ಎತ್ತಿ ನೋಡಿದರು. ಮುಖ ಬದಲಾಯಿತು. "ಎರಡು ವರ್ಷದಿಂದ ಇದನ್ನೇ ಹುಡುಕ್ತಿದ್ವಿ. ವಿಷ ಶುರುವಾಗೋದು ಇಲ್ಲಿಂದ. ಇಳಿಜಾರು ಆ ಕಡೆಗೆ... ಹರಿದು ಹೋಗಿ ಅವರ ಬಾವಿ ಸೇರಿದೆ. ಇಲ್ಲಿ ಯಾರಾದ್ರೂ ಕ್ರೋಮ್ ಪ್ಲೇಟಿಂಗ್ ಮಾಡ್ತಿದ್ರಾ ಅಮ್ಮಾ?"

ಆ ಬಣ್ಣ ಲೋಲಾಕ್ಷಮ್ಮನವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ಗಂಡನ ಅಂಗಿಯ ತೋಳಿನಿಂದ ಅದನ್ನು ಉಜ್ಜಿ ಉಜ್ಜಿ ತೆಗೆದಿದ್ದರು.

ಹಿತ್ತಿಲಿನಲ್ಲಿ ಗಂಡನದು ಬೋರ್ಡೂ ಇಲ್ಲದ ಒಂದು ಶೆಡ್ಡು ಇತ್ತು. ಸೈಕಲ್ ಹ್ಯಾಂಡಲ್‌ಗಳಿಗೆ ಹೊಳಪು ಹತ್ತಿಸಿ, ಉಳಿದ ನೀರನ್ನು ಹಿತ್ತಿಲಿನ ಗುಂಡಿಗೆ ಸುರಿಯುತ್ತಿದ್ದರು. "ಭೂಮಿತಾಯಿ ಎಲ್ಲಾ ನುಂಗ್ಕೋತಾಳೆ ಬಿಡೇ" ಎನ್ನುತ್ತಿದ್ದರು. ಅವರು ತೀರಿಕೊಂಡ ಮೇಲೆ ಶೆಡ್ಡು ಕೆಡವಿ, ಗುಂಡಿ ಮುಚ್ಚಿಸಿ, ಮೇಲೆ ಈ ಒಗೆಯುವ ಕಲ್ಲು ಹಾಕಿಸಿದ್ದು ಲೋಲಾಕ್ಷಮ್ಮನೇ.

ಇನ್ನೊಂದೂ ನೆನಪಾಯಿತು...

ಗಂಡ ಇದ್ದಾಗ ಒಂದು ದಿನ ಚೆನ್ನಾಜಮ್ಮ ಕೊಡ ಹಿಡಿದು ಬಂದಿದ್ದರು. "ಬಾವಿ ನೀರು ಯಾಕೋ ಹಳದಿ ಆಗ್ತಿದೆ. ನಿಮ್ಮನೆಯವರಿಗೆ ಒಂದು ಮಾತು ಹೇಳು ಲೋಲಾಕ್ಷಿ."

ತಾನು ಹೇಳಿದ್ದು, "ಅರಿಶಿನದ ಕೈ ಅದ್ದಿರ್ತೀಯ, ನೋಡ್ಕೋ ಹೋಗು."

ಒಳ್ಳೆ ಸೀರೆಯಲ್ಲೇ ಎದ್ದು ಪಕ್ಕದ ಮನೆಗೆ ಹೋದರು. ಚೆನ್ನಾಜಮ್ಮ ಕಿಟಕಿಯಿಂದ ಎಲ್ಲಾ ನೋಡಿದ್ದರು.

"ಚೆನ್ನಾಜಕ್ಕಾ... ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ ಜೀಪಿನವರು ಕೇಳಿದಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಾರನೇ ದಿನ ಪೇಪರಲ್ಲಿ ನನ್ನ ಫೋಟೊ ಬದಲು ನಿನ್ನ ಗಂಡಂದು ಬರ್ತಿತ್ತು. ಸತ್ತೋರು ಓದಲ್ಲ, ನೀನು ಓದ್ತೀಯಲ್ಲ... ನೀನೇ ಒಂದಿನ ಹೇಳ್ತೀಯ ಅಂತ ಕಾದೆ ಕಣೆ. ನೀನು ನೋಡಿದ್ರೆ ಅರ್ಜಿ ಹಾಕ್ದೆ."

ನಗಬೇಕೋ ಅಳಬೇಕೋ ತಿಳಿಯದೆ ಲೋಲಾಕ್ಷಮ್ಮ ಎರಡನ್ನೂ ಮಾಡಿದರು.

ಆಮೇಲೆ ಕಣ್ಣೊರೆಸಿಕೊಂಡು ಹಿತ್ತಿಲಿಗೆ ಬಂದು, "ಬರ್ಕೊಳ್ಳಿ ಮೇಡಂ" ಎಂದರು. ಗಂಡನ ಹೆಸರು, ಶೆಡ್ಡು, ಗುಂಡಿಯ ಅಳತೆ, ಅಂದು ಚೆನ್ನಾಜಮ್ಮ ಕೊಡ ಹಿಡಿದು ಬಂದದ್ದು... ಒಂದನ್ನೂ ಬಿಡಲಿಲ್ಲ. ಕೆಳಗೆ ತಾವೇ ಸಹಿ ಹಾಕಿದರು.

ಮೇಡಂ ಬರೆದುಕೊಂಡು ಹೇಳಿದರು, "ಚೆನ್ನಾಜಮ್ಮ ಮೊದಲೇ ಹೇಳಿದ್ರೆ ಎರಡು ವರ್ಷ ಉಳೀತಿತ್ತು." ಅದೂ ನಿಜವೇ. ಒಳ್ಳೆಯತನಕ್ಕೂ ಒಮ್ಮೊಮ್ಮೆ ಬುದ್ಧಿ ತಡವಾಗಿ ಬರುತ್ತದೆ.

ಒಗೆಯುವ ಕಲ್ಲು ಎದ್ದಿತು. ಗುಂಡಿಯ ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸಿದರು. ಜೀಪು ಈಗ ಲೋಲಾಕ್ಷಮ್ಮನ ಮನೆ ಮುಂದೆ ನಿಂತಿತು... ಯಾಕೋ ಅವರಿಗೆ ಖುಷಿಯಾಗಲಿಲ್ಲ.

ಮೂರು ವರ್ಷದ ಮೇಲೆ ಲ್ಯಾಬಿನಿಂದ ಪತ್ರ ಬಂತು. ಬಾವಿ ನೀರು ಕುಡಿಯಬಹುದು.

ಅಂದು ಬೆಳಿಗ್ಗೆ ಚೆನ್ನಾಜಮ್ಮ ಕಾಂಪೌಂಡ್ ಮೇಲಿಂದ ಕೈ ಚಾಚಿದರು. ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಹಿತ್ತಾಳೆ ಲೋಟ.

"ನೀನು ಮೊದಲು ಕುಡಿ ಚೆನ್ನಾಜಕ್ಕಾ, ನಿನ್ನ ಬಾವಿ."

"ಬಂದೋರಿಗೆ ಮೊದಲು. ತಗೋ."

ಲೋಲಾಕ್ಷಮ್ಮ ಕಣ್ಣು ಮುಚ್ಚಿ ಕುಡಿದರು.

"ನಿಮ್ಮನೆ ನೀರು ನಮ್ಮನೆ ನೀರಿಗಿಂತ ರುಚಿಯಾಗಿದೆ ಕಣಕ್ಕಾ" ಎಂದರು... ಹೊಟ್ಟೆಕಿಚ್ಚು ಪೂರ್ತಿ ಹೋಗಿರಲಿಲ್ಲ.

ಆದರೆ ಖಾಲಿ ಲೋಟವನ್ನು ಮತ್ತೆ ಚಾಚಿದ್ದರು.

*ಪಕ್ಕದವರ ಅಂಗಳ ನೋಡಿ ಉರಿಯುವ ಮೊದಲು, ನಮ್ಮ ಹಿತ್ತಿಲಿನ ಕಲ್ಲು ಎತ್ತಿ ನೋಡೋಣ.*

ನೀವು ಮುಚ್ಚಿ, ಮೇಲೆ ಕಲ್ಲು ಹಾಕಿ ಮರೆತದ್ದು... ಈಗ ಯಾರ ಬಾವಿಗೆ ಹರಿಯುತ್ತಿದೆ?