ನಾಲ್ಕು ಬೆರಳಿನ ಸಂದು

ಎಡಕ್ಕೊಂದು ಕಾರು, ಬಲಕ್ಕೊಂದು ಕಾರು, ಎದುರಿಗೆ ಮೂತಿಗೆ ಮೂತಿ ತಾಗುವಂತೆ ಮತ್ತೊಂದು. ಹಿಂದೆ ಫುಟ್‌ಬಾಲ್ ಮೈದಾನದ ಗೋಡೆ. ಅವನು ಒಳಗಿನಿಂದ ತನ್ನ ಕಾರಿನ ಬಾಗಿಲು ತಳ್ಳಿದ. ಅದು ನಾಲ್ಕು ಬೆರಳಿನಷ್ಟು ತೆರೆದು ಪಕ್ಕದ ಕಾರಿಗೆ ತಾಗಿ ನಿಂತಿತು. ರೇಷ್ಮೆ ಜುಬ್ಬಾ ಬೆವರಿಗೆ ಬೆನ್ನಿಗಂಟಿತ್ತು.

ಪಾರ್ಕಿಂಗ್ ನೋಡಿಕೊಳ್ಳುವವನು ಕಾರುಗಳ ಸಂದಿಯಲ್ಲಿ ಅಡ್ಡಡ್ಡ ತೂರಿಕೊಂಡು ಬಂದು ಕಿಟಕಿಗೆ ಬಗ್ಗಿದ.

"ಡಿಕ್ಕಿ ಕಡೆಯಿಂದ ಇಳೀರಿ ಸಾರ್."

"ಡಿಕ್ಕಿ ಗೋಡೆಗೆ ಒತ್ಕೊಂಡಿದೆ ಕಣಪ್ಪ."

"ಹಂಗಾದ್ರೆ ಕಿಟಕಿಯಿಂದ?"

"ಈ ಹೊಟ್ಟೆ ಇಟ್ಕೊಂಡಾ? ಪಕ್ಕದ ಕಾರಿನವರನ್ನ ಕರ್ಕೊಂಡು ಬಾ. ನಾನು ಅರ್ಜೆಂಟಾಗಿ ಒಳಗೆ ಹೋಗ್ಬೇಕು."

"ಮ್ಯಾಚ್ ಮುಗಿಯೋ ತನಕ ಯಾರೂ ಬರಲ್ಲ ಸಾರ್. ನನ್ನ ಬೈಬೇಡಿ. ಹೊಸದಾಗಿ ಗೆರೆ ಎಳೆದಿದಾರೆ, ಗೆರೆ ಒಳಗೇ ನಿಲ್ಲಿಸು ಅಂದ್ರು, ನಿಲ್ಲಿಸಿದೀನಿ. ಕಾರಲ್ಲಿ ಮನುಷ್ಯರೂ ಬರ್ತಾರೆ, ಅವರು ಇಳೀಬೇಕು ಅನ್ನೋದು ಗೆರೆ ಎಳೆಸಿದ ಆ ಪುಣ್ಯಾತ್ಮನಿಗೆ ಹೊಳೀಲಿಲ್ಲ."

ಕಾರಿನೊಳಗಿದ್ದವನು ಇನ್ನೊಮ್ಮೆ ಬಾಗಿಲು ತಳ್ಳಿದ. ಅದೇ ನಾಲ್ಕು ಬೆರಳು.

ಅಷ್ಟರಲ್ಲಿ ಮೈದಾನದ ಮೈಕು ಗೊರಗೊರ ಸದ್ದು ಮಾಡಿ ಬಾಯಿಬಿಟ್ಟಿತು. "ಇದ್ದ ಜಾಗದಲ್ಲೇ ದುಪ್ಪಟ್ಟು ಕಾರು ಹಿಡಿಸಿ, ಪಾರ್ಕಿಂಗ್ ಸಮಸ್ಯೆಯನ್ನೇ ಬಗೆಹರಿಸಿದ ನಮ್ಮ ಎಂಜಿನಿಯರ್ ಸಾಹೇಬರು ಸನ್ಮಾನ ಸ್ವೀಕರಿಸಲು ವೇದಿಕೆಗೆ ಬರಬೇಕು."

"ಓ, ಬಂದಿದಾನಾ ಆಸಾಮಿ," ಎಂದು ಪಾರ್ಕಿಂಗ್‌ನವನು ಪೀಪಿಯನ್ನು ಜೇಬಿಗಿಳಿಸಿದ. "ಅವನ ಮುಖ ಒಂದ್ಸಲ ನೋಡ್ಕೊಂಡು ಬಂದುಬಿಡ್ತೀನಿ ಸಾರ್. ನೀವು ಎಲ್ಲೂ ಹೋಗ್ಬೇಡಿ."

ಮೈಕು ಮತ್ತೆ ಕರೆಯಿತು. ಮೂರನೆಯ ಸಲ ಕರೆದಾಗ ಅವನು ಬೇರೆ ದಾರಿ ಕಾಣದೆ, ಹಾರನ್ ಒತ್ತಿ ಓಗೊಟ್ಟ.