ಇಲ್ಲದ ಸದ್ದು

"ಇನ್ನೊಂದ್ಸಲ ಒತ್ತಿ ನೋಡಿ, ಮೇಸ್ತ್ರಿ."

ಮೇಸ್ತ್ರಿ ಬ್ರೇಕ್ ಒತ್ತಿದ. ಲಾರಿ ನಿಂತಿತು. ಪಕ್ಕದ ಸೀಟಿನಲ್ಲಿದ್ದ ಡ್ರೈವರ್ ಹಲ್ಲು ಕಚ್ಚಿಕೊಂಡು ಮುಖ ಹಿಂಡಿದ. ಮೇಸ್ತ್ರಿಗೆ ಕೇಳಿಸಿದ್ದು ಎಂಜಿನ್ನಿನ ಗುರುಗುರು, ಜಜ್ಜಿಹೋದ ಬಂಪರ್ ಗಡಗಡ ಅಲ್ಲಾಡಿದ್ದು, ಅಷ್ಟೇ. ನಾಟಕದ ಕಂಪನಿ ಸೇರಬೇಕಾದವನು ದಾರಿ ತಪ್ಪಿ ಲಾರಿ ಹತ್ತಿದ್ದಾನೆ ಎಂದುಕೊಂಡ. ಡ್ರೈವರ್‌ನ ಅಂಗಿ ಬೆವರು, ಬೀಡಿ ಎರಡೂ ಸೇರಿ ಗಬ್ಬು ನಾರುತ್ತಿತ್ತು. ಮೇಸ್ತ್ರಿ ಕಿಟಕಿಯತ್ತ ಮೂಗು ತಿರುಗಿಸಿದ.

ಬೆಳಿಗ್ಗೆಯಿಂದಲೇ ಮೇಸ್ತ್ರಿಯ ತಲೆ ಕೆಟ್ಟಿತ್ತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಕೂಸಿಗೆ ಸ್ನಾನ ಮಾಡಿಸಲು ಹೋಗುವಾಗ ಕುಕ್ಕರ್ ನೋಡಿಕೊ ಎಂದಿದ್ದಳು. ಹಾಳಾದದ್ದು ಕೂಗಲೇ ಇಲ್ಲ. ಬೇಳೆ ತಳ ಹಿಡಿದು ಮನೆಯೆಲ್ಲ ಕಮಟು. ಗ್ಯಾಸ್ಕೆಟ್ ಹೋಗಿದೆ, ಬದಲಾಯಿಸಬೇಕು ಎಂದು ಗೊಣಗಿ, ಏನೂ ತಿನ್ನದೆ ರಿಪೇರಿ ಶೆಡ್ಡಿಗೆ ಬಂದಿದ್ದ.

ಅದರ ಮೇಲೆ ಈ ಡ್ರೈವರ್. ಮೊನ್ನೆ ಇದೇ ಲಾರಿ ಸಿಗ್ನಲ್ಲಿನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿತ್ತು. ಕಾರಿನಲ್ಲಿದ್ದ ಹೆಂಗಸು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ತಾನು ದೂರದಿಂದಲೇ ಬ್ರೇಕ್ ಒತ್ತಿದರೂ ಲೋಡಿದ್ದ ಗಾಡಿ ಹಿಡಿತಕ್ಕೆ ಸಿಗಲಿಲ್ಲ, ಬ್ರೇಕಿನಿಂದ ಕಿವಿ ಕೊರೆಯುವ ಸದ್ದು ಅದಕ್ಕೂ ಮುಂಚಿನಿಂದಲೇ ಬರುತ್ತಿತ್ತು ಎಂದು ಡ್ರೈವರ್ ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದ. ಹೋದ ವಾರ ಅವನು ಇದೇ ದೂರು ಹೊತ್ತು ಬಂದದ್ದೇನೋ ನಿಜ. ಆಗ ಮೇಸ್ತ್ರಿ ಲಾರಿಯನ್ನು ಬೀದಿಯುದ್ದಕ್ಕೂ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಗಾಡಿಗೇನೂ ಆಗಿಲ್ಲ ಎಂದು ಸಾಗಹಾಕಿದ್ದ.

ಈಗ ಲಾರಿಯ ಮಾಲೀಕ ಕೇಳಿರುವುದು ಒಂದೇ ಮಾತು. ತಪ್ಪು ಬ್ರೇಕಿನದೋ, ಡ್ರೈವರ್‌ನದೋ? ಬ್ರೇಕಿನದಾದರೆ ವಕೀಲರನ್ನಿಟ್ಟು ಅವನನ್ನು ಕೇಸಿನಿಂದ ಬಿಡಿಸುವುದು ತನ್ನ ಜವಾಬ್ದಾರಿ. ಅವನದಾದರೆ ಕೆಲಸವೂ ಇಲ್ಲ, ಜೈಲು ಪಾಲಾದರೆ ಅವನುಂಟು, ಅವನ ಹಣೆಬರಹವುಂಟು ಎಂದಿದ್ದ. ಮೇಸ್ತ್ರಿ ಏನು ಹೇಳಿದರೂ ಮಾಲೀಕನಿಗೆ ಅದೇ ಕೊನೆ.

ಲಾರಿ ಶೆಡ್ಡಿನ ಮುಂದೆ ಬಂತು. ಬ್ರೇಕ್ ಬಿದ್ದದ್ದೇ ತಡ, ನೆರಳಲ್ಲಿ ಮಲಗಿದ್ದ ನಾಯಿ ಎದ್ದು ಬಾಲ ಮುದುರಿಕೊಂಡು ಓಡಿತು. ಮೇಲಿನ ಮಹಡಿಯ ದರ್ಜಿ ಹಣಕಿ ನೋಡಿ, ಇವರತ್ತ ಏನೋ ಗೊಣಗಿ, ಕಿಟಕಿಯನ್ನು ದಢಾರನೆ ಮುಚ್ಚಿಕೊಂಡ. ಈ ಡ್ರೈವರ್‌ನ ಮೋರೆಯನ್ನು ಬೆಳಗಾಗೆದ್ದು ಯಾರು ತಾನೇ ನೋಡಿಯಾರು ಎಂದು ಮೇಸ್ತ್ರಿಗೆ ಒಳಗೊಳಗೇ ಖುಷಿಯಾಯಿತು.

ಡ್ರೈವರ್ ಕೆಳಗಿಳಿದು ಮುಂದಿನ ಎಡ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತ. ಇದೊಂದನ್ನು ಬಿಚ್ಚಿ ನೋಡಿ, ಇಲ್ಲಿಂದಲೇ ಬರುತ್ತಿದೆ ಎಂದು ಅಂಗಲಾಚಿದ. ತನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಆ ದರ್ಜಿಯನ್ನಾದರೂ ಕರೆದು ಕೇಳಿ ಎಂದ.

"ಬಟ್ಟೆ ಹೊಲಿಯೋನನ್ನ ಕೇಳಿ ಬ್ರೇಕ್ ನೋಡೋ ಗತಿ ನನಗಿನ್ನೂ ಬಂದಿಲ್ಲ."

ಸುಮ್ಮಸುಮ್ಮನೆ ಚಕ್ರ ಬಿಚ್ಚುವ ಮೆಕ್ಯಾನಿಕ್‌ಗಳೆಂದರೆ ಮೇಸ್ತ್ರಿಗೆ ಹೇಸಿಗೆ. ಗಟ್ಟಿಮುಟ್ಟಾದ ಪ್ಯಾಡ್ ಕಿತ್ತೆಸೆದು ಹೊಸದು ಹಾಕಿ, ಗಿರಾಕಿಯನ್ನು ಬೋಳಿಸುವ ಕಳ್ಳರು. ಮೇಸ್ತ್ರಿಯ ಶೆಡ್ಡಿನಲ್ಲಿ ಮೊದಲು ಗಾಡಿ ಓಡಿಸಿ ನೋಡಬೇಕು, ಸದ್ದು ಕೇಳಿಸಿದರೆ ಮಾತ್ರ ಸ್ಪ್ಯಾನರ್ ಮುಟ್ಟಬೇಕು. ಸುತ್ತಿಗೆ, ಗ್ರೈಂಡರ್‌ಗಳ ನಡುವೆಯೇ ತಲೆ ನರೆತವನು. ಇವತ್ತಿನ ತನಕ ಯಾರೂ ಅವನ ಮಾತು ಸುಳ್ಳು ಎಂದಿರಲಿಲ್ಲ. ಆದರೂ ಗಾಡಿಯಡಿ ನುಸುಳಿ ಪೈಪುಗಳನ್ನು ತಡವಿದ. ಎಲ್ಲೂ ಎಣ್ಣೆ ಸೋರಿರಲಿಲ್ಲ. ಪೆಡಲ್ ಗಟ್ಟಿಯಾಗಿತ್ತು, ಖಾಲಿ ಗಾಡಿ ಒತ್ತಿದಲ್ಲೇ ನಿಂತಿತ್ತು. ಇನ್ನೇನು ಬೇಕು?

ಒಬ್ಬ ಹೆಂಗಸಿನ ಸೊಂಟ ಮುರಿದು, ಅದನ್ನು ಬಾಯಿಲ್ಲದ ಯಂತ್ರದ ತಲೆಗೆ ಕಟ್ಟುವುದೆಂದರೆ! ಮೇಸ್ತ್ರಿಗೆ ಅಸಹ್ಯವಾಯಿತು. ಜೇಬಿನಲ್ಲಿ ನಡುಗುತ್ತಿದ್ದ ಮೊಬೈಲು ತೆಗೆದ. ಮಾಲೀಕನೇ.

"ಬ್ರೇಕ್ ಸರಿಯಾಗಿದೆ ಸಾರ್. ಯಾವ ಸದ್ದೂ ಇಲ್ಲ. ಇವನು ಬಾಯಿ ಬಿಟ್ರೆ ಸುಳ್ಳು."

ಡ್ರೈವರ್ ಎದ್ದು ನಿಂತ. ಕೂಗಾಡುತ್ತಾನೆ, ಕಾಲಿಗೆ ಬೀಳುತ್ತಾನೆ ಎಂದು ಮೇಸ್ತ್ರಿ ಕಾದ. ಅವನು ಎರಡೂ ಮಾಡಲಿಲ್ಲ.

"ಕೇಳಿಸಿಕೊಂಡೂ ಹೀಗೆ ಹೇಳ್ತೀರಲ್ಲ, ನಿಮ್ಮಂಥೋರನ್ನ ನಾನು ನೋಡೇ ಇಲ್ಲ ಮೇಸ್ತ್ರಿ," ಎಂದ. ಗೇಟಿನ ಬುಡದಲ್ಲಿ ಥೂ ಎಂದು ಉಗಿದು, ಠಾಣೆಯ ದಾರಿ ಹಿಡಿದು ನಡೆದ.

ಮೇಸ್ತ್ರಿ ಅಲ್ಲಿಗೆ ಒಂದು ಬಕೆಟ್ ನೀರು ಸುರಿದ. ಕೈಯನ್ನೂ ಸೋಪು ಹಚ್ಚಿ ತೊಳೆದುಕೊಂಡ. ಪೀಡೆ ತೊಲಗಿತು ಎಂದುಕೊಂಡು ಲಾರಿ ಹತ್ತಿ, ಶೆಡ್ಡಿನ ಹಿಂದೆ ತನ್ನ ಮನೆಯ ಗೋಡೆಗೆ ತಾಗಿದ ಜಾಗದಲ್ಲಿ ಅದನ್ನು ನಿಲ್ಲಿಸಲು ಹೋದ. ಜಾಗ ಇಕ್ಕಟ್ಟು. ಸ್ವಲ್ಪ ಹಿಂದೆ, ಬ್ರೇಕ್. ಸ್ವಲ್ಪ ಮುಂದೆ, ಮತ್ತೆ ಬ್ರೇಕ್. ಒಳಗೆ ಕೂಸು ಕಿಟಾರನೆ ಅಳತೊಡಗಿತು.

ಹಿತ್ತಿಲ ಬಾಗಿಲು ತೆರೆದು ಮಗಳು ಧಾವಿಸಿ ಬಂದಳು. ಕೂಸಿನ ಒಂದು ಕಿವಿಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದನ್ನು ಅಂಗೈಯಿಂದ ಮುಚ್ಚಿದ್ದಳು.

"ಹೋದ ವಾರಾನೂ ಈ ಲಾರಿ ಬ್ರೇಕು ಹೀಗೇ ಕಿರುಚಿ ಕೂಸನ್ನ ಎಬ್ಬಿಸಿತ್ತು, ಅಪ್ಪ. ನಿನಗೆ ಕೇಳಿಸೋದೇ ಇಲ್ವಾ?"